ಅಂಗಿಯ ಮೇಲಿನ ಹೆಸರು

ತ್ರಿಪ್ಲಿಕೇನಿನ ಮ್ಯಾನ್ಶನ್‌ಗಳಲ್ಲಿ ಇದ್ದು ಬಂದವರಿಗೆ ಅಗಸರ ಗುರುತು ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಗೆ ಮ್ಯಾನ್ಶನ್, ನೋಡಿದರೆ ಸಾಲು ಕೋಣೆಗಳು. ಒಂದೊಂದರಲ್ಲಿ ಪರಊರಿನಿಂದ ಕೆಲಸಕ್ಕೆ ಬಂದ ಇಬ್ಬರೋ ಮೂವರೋ ಬ್ರಹ್ಮಚಾರಿಗಳು. ಎಲ್ಲರ ಬಿಳಿ ಅಂಗಿಯೂ ಒಂದೇ ಗಂಟಿನಲ್ಲಿ ಹೋಗಬೇಕು, ಒಂದೇ ಗಂಟಿನಲ್ಲಿ ಬರಬೇಕು. ಅದಕ್ಕೇ ಕಾಲರಿನ ಒಳಗೆ ಎರಡು ಚುಕ್ಕಿ, ಒಂದು ಗೆರೆ. ಹಿಂದೆಲ್ಲ ಆ ಕಪ್ಪು ಶಾಯಿ ನಮ್ಮ ಮಲೆನಾಡಿನವರಿಗೂ ಗೊತ್ತಿರುವ ಗುಡ್ಡೆಗೇರಿನ ಬೀಜದ್ದು. ಎಷ್ಟು ಒಗೆದರೂ ಹೋಗದು. ಮನೆಯಲ್ಲಿರುವವನ ಅಂಗಿಗೆ ಗುರುತು ಯಾಕೆ? ಅದು ಬೇಕಾಗುವುದು ಮನೆ ಬಿಟ್ಟವನಿಗೆ.

ಹಡಗಿನಲ್ಲೂ ಹೀಗೇ. ಬ್ರಿಟಿಷ್ ನೌಕಾಪಡೆಯಲ್ಲಿ ನಾವಿಕನಿಗೆ ಅವನ ಹೆಸರಿನ ಅಚ್ಚೊಂದನ್ನು ಕೊಡುತ್ತಿದ್ದರು. ಬಿಳಿ ಬಟ್ಟೆಗೆ ಕಪ್ಪು ಬಣ್ಣದಲ್ಲಿ, ಕಪ್ಪು ಬಟ್ಟೆಗೆ ಬಿಳಿ ಬಣ್ಣದಲ್ಲಿ ಅದನ್ನು ಒತ್ತಿಕೊಳ್ಳಬೇಕು. ತಮಾಷೆ ಏನಂದರೆ, ಆ ನಾವಿಕರು ಬಟ್ಟೆ ಒಗೆಯುವುದಕ್ಕೆ ಹೇಳುತ್ತಿದ್ದ ಮಾತು ನಮ್ಮದೇ 'ಧೋಬಿ'.

ಯುದ್ಧಕಾಲದ ನಾವಿಕರ ಸಮವಸ್ತ್ರ ಸಂಗ್ರಹಿಸುವವರು ಹುಡುಕುವುದು ಈ ಹೆಸರನ್ನೇ. ಹೆಸರಿಲ್ಲದ ಅಂಗಿ ಬರೀ ಹತ್ತಿ ಬಟ್ಟೆ; ಹೆಸರಿದ್ದರೆ ಅದರೊಳಗೆ ಒಬ್ಬ ಮನುಷ್ಯನಿದ್ದಾನೆ. ಆದರೆ ಎರಡನೇ ಮಹಾಯುದ್ಧದ ಭಾರತೀಯ ನಾವಿಕನನ್ನು ಹಾಗೆ ಪತ್ತೆ ಹಚ್ಚುವುದು ಸುಲಭವಲ್ಲ. 1939ರಲ್ಲಿ ರಾಯಲ್ ಇಂಡಿಯನ್ ನೇವಿಯಲ್ಲಿ ಎರಡು ಸಾವಿರ ಜನವೂ ಇರಲಿಲ್ಲ; ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 30,000 ಆಗಿದ್ದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಟೋಪಿಯ ಪಟ್ಟಿಯಿಂದ ಹಡಗಿನ ಹೆಸರನ್ನೇ ತೆಗೆದುಬಿಟ್ಟರು. ಉಳಿದದ್ದು 'ಎಚ್.ಎಂ.ಐ.ಎಸ್.' ಅನ್ನೋ ನಾಲ್ಕಕ್ಷರ ಮಾತ್ರ. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ ತನಗಿಂತ ಎಷ್ಟೋ ದೊಡ್ಡದಾದ ಎರಡು ಜಪಾನಿ ಹಡಗುಗಳನ್ನು ಎದುರಿಸಿದ 'ಬೆಂಗಾಲ್' ಹಡಗಿನವನ ಟೋಪಿಗೂ, ದಡ ಬಿಟ್ಟು ಹೋಗದವನ ಟೋಪಿಗೂ ಪಟ್ಟಿ ಒಂದೇ.

ಇನ್ನು ಮದ್ರಾಸಿನ ಸೆಖೆ, ಉಪ್ಪುಗಾಳಿ. ಬಟ್ಟೆ ಎಲ್ಲಿ ಉಳಿಯಬೇಕು? ಉಳಿಯುವುದು ಪದಕ. ಅಲ್ಲೊಂದು ವಿಶೇಷವಿದೆ. ಆ ಯುದ್ಧದ ನಕ್ಷತ್ರಗಳನ್ನೂ ಪದಕಗಳನ್ನೂ ಬ್ರಿಟನ್ ತನ್ನವರಿಗೆ ಹೆಸರು ಕೆತ್ತಿಸದೇ ಕೊಟ್ಟಿತು. ಭಾರತದವರಿಗೆ ಕೊಟ್ಟದ್ದರಲ್ಲಿ ಮಾತ್ರ ಸೇವಾ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಒತ್ತಿದರು. ಅವು ಬೆಳ್ಳಿಯಲ್ಲದ ಅಗ್ಗದ ಮಿಶ್ರಲೋಹ. ಕರಗಿಸಿದರೆ ಹೆಚ್ಚೇನೂ ಹುಟ್ಟುವುದಿಲ್ಲ. ಲಂಡನ್ನಿನ ನಾವಿಕನ ನಕ್ಷತ್ರ ಮೂಕ, ನಮ್ಮವನದು ಮಾತಾಡುತ್ತದೆ.

ಹೆಸರು ಸಿಕ್ಕಿತು ಅನ್ನಿ, ಊರು ಎಲ್ಲಿ? ದಾಖಲೆಯಲ್ಲಿ ಪ್ರಾಂತ 'ಮದ್ರಾಸು' ಅಂತ ಇದ್ದರೆ ಅವನು ತ್ರಿಪ್ಲಿಕೇನಿನವನೇ ಆಗಬೇಕೆಂದಿಲ್ಲ. ಆಗ ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಎಲ್ಲ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದ್ದೇ. ಅದು ಬೇರೆಯಾದದ್ದು 1956ರಲ್ಲಿ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಿದ್ದ ಹುಡುಗನೂ ಕಾಗದದಲ್ಲಿ ಮದ್ರಾಸಿನವನೇ. ಚೆನ್ನೈನಲ್ಲಿ ಅವನ ಮನೆ ಹುಡುಕಿದರೆ ಸಿಗುವುದಾದರೂ ಹೇಗೆ?

ಸತ್ತವರದು ಒಂದು ಲೆಕ್ಕಕ್ಕೆ ಸುಲಭ. ಸಮುದ್ರದಲ್ಲಿ ಸತ್ತು ಗೋರಿಯೇ ಇಲ್ಲದ ಸುಮಾರು 6,500 ಭಾರತೀಯ ನಾವಿಕರ, ಖಲಾಸಿಗಳ ಹೆಸರು ಮುಂಬೈ ಮತ್ತು ಚಿತ್ತಗಾಂಗಿನಲ್ಲಿಟ್ಟ ಎರಡು ಸ್ಮರಣ ಪುಸ್ತಕಗಳಲ್ಲಿವೆ. ಬದುಕಿ ಬಂದವರೇ ಕಳೆದುಹೋದದ್ದು. ಅದರಲ್ಲೂ 1946ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಶುರುವಾದ ನಾವಿಕರ ಬಂಡಾಯದ ನಂತರ ನಾನೂರಕ್ಕೂ ಹೆಚ್ಚು ಜನ ಕೆಲಸ ಕಳಕೊಂಡರು. ಮದ್ರಾಸಿನ ನೌಕಾನೆಲೆ 'ಅಡ್ಯಾರ್' ಕೂಡ ಆ ಬಂಡಾಯಕ್ಕೆ ಕೈಜೋಡಿಸಿತ್ತು. ಹಾಗೆ ಹೊರಬಿದ್ದವನು ಸಮವಸ್ತ್ರವನ್ನು ಮನೆಯವರಿಗೆ ಹೆಮ್ಮೆಯಿಂದ ತೋರಿಸಿದನೋ, ಟ್ರಂಕಿನ ತಳಕ್ಕೆ ತುರುಕಿದನೋ!

ಅವನು ಹೋದ ಮೇಲೆ ಟ್ರಂಕು ಗುಜರಿಗೆ ಹೋಗುತ್ತದೆ. ವ್ಯಾಪಾರಿಗೆ ಒಟ್ಟಿಗೆ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಲಾಭ: ಪದಕ ಒಬ್ಬನಿಗೆ, ಟೋಪಿಪಟ್ಟಿ ಇನ್ನೊಬ್ಬನಿಗೆ, ಸೇವಾ ಕಾಗದ ರದ್ದಿಗೆ. ಅಲ್ಲಿಗೆ ಆ ಮನುಷ್ಯ ಎರಡನೇ ಸಲ ದಿಕ್ಕಾಪಾಲಾದ ಹಾಗೆ. ಹೆಸರಿದ್ದರೆ ಬೆಲೆ ಹೆಚ್ಚೆಂದು ಹಳೇ ಬಟ್ಟೆಗೆ ಹೊಸದಾಗಿ ಹೆಸರು ಬರೆಯುವವರೂ ಇದ್ದಾರೆ. ಅದಕ್ಕೇ ಪಳಗಿದ ಸಂಗ್ರಾಹಕರು ಬಟ್ಟೆಯ ಮೇಲಿನ ಹೆಸರನ್ನು ಒಂದಾದರೂ ಕಾಗದದ ಜೊತೆ ತಾಳೆ ನೋಡದೆ ನಂಬುವುದಿಲ್ಲ.

ನಿಮ್ಮ ಅಟ್ಟದ ಮೇಲೂ ಅಂಥ ಒಂದು ಟ್ರಂಕು ಇರಬಹುದು. ಇದ್ದರೆ ಪದಕಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಭೂತಗನ್ನಡಿ ಹಿಡಿದು ಸಂಖ್ಯೆಯನ್ನೂ ಹೆಸರನ್ನೂ ಬರೆದಿಟ್ಟುಕೊಳ್ಳಿ. ಬಟ್ಟೆ, ಕಾಗದ, ಫೋಟೋ ಯಾವುದನ್ನೂ ಬೇರೆ ಮಾಡಬೇಡಿ. ಮಾರಲೇಬೇಕಾಗಿ ಬಂದರೆ ಒಟ್ಟಿಗೇ ಮಾರಿ, ಜೊತೆಗೊಂದು ಚೀಟಿಯಲ್ಲಿ ಅವನ ಊರಿನ ಹೆಸರು ಬರೆದಿಡಿ. ಅವನ ಹೆಸರನ್ನು ಸರಕಾರವೇ ಒತ್ತಿಕೊಟ್ಟಿದೆ. ಊರನ್ನು ಮಾತ್ರ ಮನೆಯವರೇ ಹೇಳಬೇಕು.