ಡಂಬಳದ ನಕ್ಷತ್ರವಿನ್ಯಾಸ ಮತ್ತು ತಂತ್ರಾಂಶದ ರೇಖಾಭಾಷೆ

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿಯ ಶಿಲ್ಪವೈಭವವನ್ನು ಅನೇಕ ವಿದ್ವಾಂಸರು ವರ್ಣಿಸಿದ್ದಾರೆ. ಅದರ ತಳವಿನ್ಯಾಸವು ನಮಗಿಲ್ಲಿ ಬೇರೊಂದು ಕಾರಣದಿಂದ ಪ್ರಸ್ತುತವಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ, 12ನೆಯ ಶತಮಾನದ ಈ ಗುಡಿಯ ಗರ್ಭಗೃಹದ ಹೊರಗೋಡೆಯು 24 ಮೂಲೆಗಳುಳ್ಳ ನಕ್ಷತ್ರಾಕಾರದ್ದು. ಒಂದೇ ಕೇಂದ್ರದ ಸುತ್ತ ಒಂದು ಚೌಕವನ್ನು ಪ್ರತಿಸಲವೂ 15 ಅಂಶಗಳಷ್ಟು ತಿರುಗಿಸುತ್ತ ಆರು ಸಲ ಬರೆದರೆ ಈ ಮೂಲೆಗಳು ತಾವಾಗಿಯೇ ದೊರೆಯುತ್ತವೆ. ಇದನ್ನು ಮಾತಿನಲ್ಲಿ ವಿವರಿಸುವುದು ಪ್ರಯಾಸದ ಕೆಲಸ. ಗೆರೆಯಲ್ಲಿಯಾದರೋ ಕ್ಷಣಮಾತ್ರದಲ್ಲಿ ವಿದಿತವಾಗುತ್ತದೆ.

ತಂತ್ರಾಂಶ ನಿರ್ಮಾಪಕರಿಗೂ ಗೆರೆಯ ನೆರವು ಬೇಕಾದದ್ದು ಇದೇ ಕಾರಣದಿಂದ. ಆದರೆ ಅವರಲ್ಲಿ ಒಬ್ಬೊಬ್ಬರದು ಒಂದೊಂದು ಲಿಪಿಯಾಗಿತ್ತು. ಒಂದು ವರ್ಗದ ವಸ್ತುಗಳನ್ನು ಗ್ರೇಡಿ ಬೂಚ್ ಅವರು ಮೋಡದ ಆಕಾರದಿಂದಲೂ ಜೇಮ್ಸ್ ರಂಬಾ ಅವರು ಆಯತದಿಂದಲೂ ಸೂಚಿಸುತ್ತಿದ್ದರು. ಇವರೊಡನೆ ಐವಾರ್ ಜೇಕಬ್ಸನ್ ಅವರೂ ಸೇರಿ ರೂಪಿಸಿದ ‘ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್’ ಎಂಬ ಏಕೀಕೃತ ರೇಖಾಭಾಷೆಯನ್ನು 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯು ಅಂಗೀಕರಿಸಿತು. ಕಾಲೇಜಿನ ಗ್ರಂಥಾಲಯದ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ‘ಸದಸ್ಯ’ ಎಂಬುದೊಂದು ಆಯತ. ‘ವಿದ್ಯಾರ್ಥಿ’, ‘ಅಧ್ಯಾಪಕ’ ಎಂಬ ಆಯತಗಳಿಂದ ಅದರ ಕಡೆಗೆ ಟೊಳ್ಳು ತ್ರಿಕೋನದ ತಲೆಯುಳ್ಳ ಬಾಣಗಳು. ಇವರಿಬ್ಬರೂ ಸದಸ್ಯರ ಪ್ರಭೇದಗಳೆಂದು ಇದರ ಅರ್ಥ. ಸಾಮಾನ್ಯ ಪರಿಭಾಷೆಯ ಈ ಅಗತ್ಯ ಹೊಸದೇನಲ್ಲ. ಮುಂಡರಗಿಗೆ ದಕ್ಷಿಣದಲ್ಲಿ, ತುಂಗಭದ್ರೆಯ ಆಚೆಗಿರುವ ಹೊಳಲಿನ ಶಾಸನವು ಬಮ್ಮೋಜನೆಂಬ ಶಿಲ್ಪಿಯನ್ನು ಕೊಂಡಾಡುವಾಗ ನಾಗರ, ಕಾಳಿಂಗ, ದ್ರಾವಿಡ, ವೇಸರಗಳೆಂಬ ನಾಲ್ಕು ಪ್ರಕಾರಗಳ ಹೆಸರನ್ನೇ ಹೇಳುತ್ತದೆ.

ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಉಚಿತವಲ್ಲ. ಡಂಬಳದ ಕಲ್ಲು ನಿಂತಲ್ಲೇ ನಿಂತಿದೆ. ತಂತ್ರಾಂಶವಾದರೋ ತಿಂಗಳು ತಿಂಗಳಿಗೂ ಬದಲಾಗುತ್ತದೆ, ನಕ್ಷೆ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಹೀಗಿರುವಾಗ ನಕ್ಷೆಯೇ ಅನಾವಶ್ಯಕ, ಸಿದ್ಧವಾದ ಕ್ರಮವಿಧಿಯಿಂದಲೇ ಬೇಕಾದಾಗ ಯಂತ್ರದ ಮೂಲಕ ಅದನ್ನು ಬರೆಸಿಕೊಳ್ಳಬಹುದೆಂದು ಕೆಲವರ ವಾದ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಒಪ್ಪಲಾರರು. ಹಾಗೆ ದೊರೆಯುವುದು ಆಕೃತಿ ಮಾತ್ರ. ದೊಡ್ಡಬಸಪ್ಪನ ಗುಡಿಯನ್ನು ಅಳೆದು ನಾವೂ 15 ಅಂಶಗಳ ಲೆಕ್ಕವನ್ನು ಕಂಡುಕೊಳ್ಳಬಲ್ಲೆವು. ಶಿಲ್ಪಿಯು ಬೇರೆ ಯಾವ ವಿನ್ಯಾಸಗಳನ್ನು ಆಲೋಚಿಸಿ ಕೈಬಿಟ್ಟನೆಂಬುದನ್ನು ಗೋಡೆ ಹೇಳದು. ಆದುದರಿಂದ ತಿಥಿ, ಕರ್ತೃ, ಕೈಬಿಟ್ಟ ಪರ್ಯಾಯಗಳು, ಇವಿಷ್ಟನ್ನು ನಕ್ಷೆಯ ಮೇಲೆಯೇ ನಮೂದಿಸಿ, ತಿದ್ದಿದ ಪ್ರತಿಯೊಡನೆ ಮೊದಲಿನ ಪ್ರತಿಯನ್ನೂ ಕಾಪಾಡಬೇಕು.

ಮಧ್ಯಪ್ರದೇಶದ ಭೋಜಪುರದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯಿದೆ. ಅಲ್ಲಿಯ 11ನೆಯ ಶತಮಾನದ ಶಿವಾಲಯವು ಪೂರ್ಣವಾಗಲೇ ಇಲ್ಲ. ಆದರೆ ಸುತ್ತಲಿನ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ನಕ್ಷೆಗಳು ಉಳಿದಿರುವುದರಿಂದ, ಕಟ್ಟದೆ ಬಿಟ್ಟ ಭಾಗಗಳ ಕಲ್ಪನೆಯೂ ನಮಗೆ ದೊರೆಯುತ್ತದೆ.