ಉದಗೀರ

ಮಹಾರಾಷ್ಟ್ರದ ಲಾತೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಬೀದರಿನ ಭಾಲ್ಕಿ, ಔರಾದ ಸೀಮೆಗೆ ಅಂಟಿಕೊಂಡ ಗಡಿಪಟ್ಟಣ. 2011ರ ಜನಗಣತಿಯಲ್ಲಿ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಹೆಸರಿನ ಮೂಲ ಉದಯಗಿರಿ ಎಂಬುದು ಸ್ಥಳೀಯರ ನಂಬಿಕೆ; ಉದಯಗಿರಿ ಋಷಿಯ ಸಮಾಧಿ ಕೋಟೆಯೊಳಗೇ ಇದೆ.

ಊರಿನ ಕೀರ್ತಿಯೆಲ್ಲ ಈ ಕೋಟೆಯದೇ. ಬಹಮನಿ, ಬರೀದಶಾಹಿಗಳ ನಂತರ 1636ರಲ್ಲಿ ಶಹಜಹಾನನ ಸೇನೆ ಇದನ್ನು ಹಿಡಿಯಿತು. ಸುತ್ತ ಆಳವಾದ ಕಂದಕ, ಒಳಗೆ ಅರಬ್ಬಿ-ಪಾರಸಿ ಶಾಸನಗಳು. 1760ರ ಫೆಬ್ರುವರಿಯಲ್ಲಿ ಸದಾಶಿವರಾವ್ ಭಾವೂ ನೇತೃತ್ವದ ಮರಾಠರು ನಿಜಾಮನ ಸೈನ್ಯವನ್ನು ಇಲ್ಲಿ ಸೋಲಿಸಿದರು. ಒಪ್ಪಂದದಲ್ಲಿ ಸುಮಾರು 60 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶ ಅವರ ಕೈಸೇರಿತು, ವಿಜಾಪುರವೂ ಅದರಲ್ಲಿತ್ತು. ಗೆಲುವಿನ ಸಂಭ್ರಮ ವರ್ಷವೂ ಉಳಿಯಲಿಲ್ಲ. ಭಾವೂ, ಅವರ ತೋಪಿನ ಪಡೆಯ ಇಬ್ರಾಹಿಂ ಖಾನ್ ಗಾರ್ದಿ ಇಬ್ಬರೂ 1761ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮಡಿದರು.

ಹೈದರಾಬಾದ್ ಸಂಸ್ಥಾನದಲ್ಲಿ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು. 1956ರ ಭಾಷಾವಾರು ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ ಬಂದವು. ಗಡಿ ಕಾಗದದ ಮೇಲೆ ಬದಲಾಯಿತು, ನಂಟಸ್ತಿಕೆ ಅಲ್ಲ. ಶಾಲೆ, ಕಚೇರಿಗೆ ಮರಾಠಿ. ಬಜಾರಿನಲ್ಲಿ ದಖನಿ ಉರ್ದು. ಅನೇಕ ಲಿಂಗಾಯತ ಮನೆಗಳ ಅಡುಗೆಮನೆಯಲ್ಲಿ ಮಾತ್ರ ಮರಾಠಿ ಬೆರೆತ ಬೀದರಿನ ಕನ್ನಡ. ಅದನ್ನು ಆಡುವವರೆಲ್ಲ ಓದಬಲ್ಲರೆಂದೇನೂ ಇಲ್ಲ. 2022ರ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಇಲ್ಲೇ.

ತೊಗರಿ, ಸೋಯಾಬೀನ್ ಮುಖ್ಯ ವ್ಯಾಪಾರ. ದೇವಣಿ ತಳಿಯ ದನಗಳಿಗೆ ಹೆಸರು ಕೊಟ್ಟ ದೇವಣಿ ಸಮೀಪದಲ್ಲಿದೆ. ಹತ್ತಿಬೇಟದ ಗುಡ್ಡ, ಗುಹೆಗಳೂ ಹತ್ತಿರವೇ. ಆ ಹೆಸರು ಕನ್ನಡ ಕಿವಿಗೆ ಬೆಟ್ಟವೆಂದೇ ಕೇಳುತ್ತದೆ. ವಿಕಾರಾಬಾದ್–ಪರಳಿ ರೈಲುಮಾರ್ಗ ಬೀದರ, ಭಾಲ್ಕಿ ದಾಟಿ ಇಲ್ಲಿಗೆ ಬರುತ್ತದೆ.