ಚಿನ್ನಪ್ಪ ಎಂದರೆ ಪೌಲ

ಜೂನ್ 29ರಂದು ಧರ್ಮಸಭೆ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವವನ್ನು ಆಚರಿಸುತ್ತದೆ. ಕೊಡಗಿನಲ್ಲಿ ಅದು ಮುಂಗಾರು ಬಿರುಸಾಗುವ ಕಾಲ. ಆದರೂ ತೋಟದ ಲೈನುಮನೆಗಳಿಂದ ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದ್ದು ಜನ ಬಲಿಪೂಜೆಗೆ ಬರುತ್ತಾರೆ. ಅವರಲ್ಲಿ ರಾಯಪ್ಪ, ಚಿನ್ನಪ್ಪ ಎಂಬ ಹೆಸರಿನ ಹಿರಿಯರು ಇದ್ದೇ ಇರುತ್ತಾರೆ. ಅದು ತಮ್ಮ ನಾಮದ ಹಬ್ಬ ಎಂದು ಅವರಿಗೆ ಗೊತ್ತು. ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಧರ್ಮೋಪದೇಶದ ತರಗತಿಯಲ್ಲಿ, "ಡಿಸೋಜಾ, ಚಿನ್ನಪ್ಪ, ಇವೆರಡರಲ್ಲಿ ಕ್ರೈಸ್ತ ಹೆಸರು ಯಾವುದು?" ಎಂದು ಕೇಳಿ ನೋಡಿ. ಮಕ್ಕಳು ಯೋಚಿಸದೆ ಡಿಸೋಜಾ ಎನ್ನುತ್ತಾರೆ.

ಪ್ರಿಯರೇ, ಇತಿಹಾಸ ನೋಡಿದರೆ ಉತ್ತರ ತಿರುವುಮುರುವು.

ಸೋಜಾ ಎಂಬುದು ಉತ್ತರ ಪೋರ್ಚುಗಲ್‌ನ ಒಂದು ನದಿಯ ಹೆಸರು. ಪಿರೇರಾ ಎಂದರೆ ಪೇರ್ ಹಣ್ಣಿನ ಮರ, ಕರ್ವಾಲೋ ಎಂದರೆ ಓಕ್ ಮರ. ಲೋಬೋ ತೋಳ, ಕುವೆಲ್ಲೋ ಮೊಲ. ರೊಡ್ರಿಗಸ್ ಎಂದರೆ ರೊಡ್ರಿಗೋ ಎಂಬವನ ಮಗ, ಅಷ್ಟೇ. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಜ್ಞಾನಸ್ನಾನ ಪಡೆದ ಕೊಂಕಣಿ ಕುಟುಂಬಗಳಿಗೆ ಇವು ಜ್ಞಾನ ತಂದೆಯಿಂದಲೋ, ಜ್ಞಾನಸ್ನಾನ ಕೊಟ್ಟ ಗುರುವಿನಿಂದಲೋ ಬಂದವು. ನದಿ, ಮರ, ಪ್ರಾಣಿಗಳ ಹೆಸರುಗಳನ್ನು ಕ್ರೈಸ್ತವಾಗಿಸಿದ್ದು ಅವುಗಳ ಅರ್ಥವಲ್ಲ, ಅವನ್ನು ಹೊತ್ತ ಜನರ ಬಾಳು.

ಆ ಬಾಳಿಗೆ ನಮ್ಮ ವಿರಾಜಪೇಟೆಯೇ ಸಾಕ್ಷಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರು ಬಹಳ. ಸೆರೆಯಲ್ಲಿ ಯುವಕರನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. ಮತದೊಡನೆ ಹೆಸರೂ ಹೋಯಿತು. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ತನ್ನ ಹೆಸರಿನ ಪೇಟೆಯಲ್ಲಿಯೇ ನೆಲೆ ಕೊಟ್ಟನು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯ ಆರಂಭವಾಯಿತು. ಇಂಥ ಸೆರೆಯಿಂದ ಉಳಿದು ಬಂದ ಮನೆತನದ ಹೆಸರನ್ನು ಹಗುರವಾಗಿ ಕಾಣಲು ಯಾರಿಗೂ ಹಕ್ಕಿಲ್ಲ. ನನ್ನ ತಕರಾರು ಬೇರೆ: ಆ ಹೆಸರನ್ನು ಅಳತೆಗೋಲಾಗಿ ಹಿಡಿದು ಪಕ್ಕದ ಬೆಂಚಿನ ಚಿನ್ನಪ್ಪನನ್ನು ಅಳೆಯುವುದು ಸರಿಯಲ್ಲ.

ಹಾಗಾದರೆ ಚಿನ್ನಪ್ಪ ಯಾರು? ಲತೀನಿನಲ್ಲಿ ಪೌಲುಸ್ ಎಂದರೆ ಚಿಕ್ಕವನು. ತಮಿಳಿನಲ್ಲಿ ಚಿನ್ನ ಎಂದರೂ ಚಿಕ್ಕದು. ತಮಿಳು ಕಥೋಲಿಕರು ಸಂತ ಪೌಲರನ್ನು ಚಿನ್ನಪ್ಪರ್ ಎಂದು ಕರೆದರು. ಅದು ಅನುವಾದ, ಅದೂ ಬಲು ಒಳ್ಳೆಯ ಅನುವಾದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲರೇ ತಮ್ಮನ್ನು ಪ್ರೇಷಿತರಲ್ಲಿ ಕನಿಷ್ಠನೆಂದು ಹೇಳಿಕೊಂಡಿದ್ದಾರೆ. ದಮಸ್ಕದ ದಾರಿಯಲ್ಲಿ ಸೌಲನು ಪೌಲನಾದ ಎಂದು ನಾವು ಪ್ರಸಂಗದಲ್ಲಿ ಹೇಳುವುದುಂಟು, ಆದರೆ ಬೈಬಲ್ ಹಾಗೆ ಹೇಳುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 13ನೆಯ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿ, ಪೌಲನೆಂದೂ ಕರೆಯಲ್ಪಡುತ್ತಿದ್ದ ಸೌಲನು ಎಂದು ಮೊದಲ ಬಾರಿಗೆ ಬರುತ್ತದೆ. ಯೆಹೂದ್ಯರ ನಡುವೆ ಒಂದು, ರೋಮನರ ನಡುವೆ ಇನ್ನೊಂದು. ಹೀಗೆ ಎರಡು ಹೆಸರಿನ ಪೌಲರಿಗೆ ನಮ್ಮ ಸೀಮೆಯಲ್ಲಿ ಮೂರನೆಯದೂ ದೊರೆಯಿತು.

ಇದೊಂದೇ ಅಲ್ಲ. ಯೊವಾನ್ನ ಎಂದರೆ ಹೀಬ್ರೂವಿನಲ್ಲಿ ದೇವರು ಕೃಪೆ ತೋರಿದ್ದಾರೆ ಎಂದರ್ಥ. ತಮಿಳಿನಲ್ಲಿ ಕೃಪೆ ಅರುಳ್. ಯೊವಾನ್ನರು ಅರುಳಪ್ಪರ್ ಆದರು. 1693ರಲ್ಲಿ ಒರಿಯೂರಿನಲ್ಲಿ ರಕ್ತಸಾಕ್ಷಿಯಾದ ಯೇಸುಸಭೆಯ ಜಾನ್ ದೆ ಬ್ರಿಟ್ಟೋ ಅರುಳಾನಂದರ್ ಎನಿಸಿಕೊಂಡದ್ದೂ ಹೀಗೆಯೇ. ಗ್ರೀಕಿನಲ್ಲಿ ಸ್ತೇಫನ ಎಂದರೆ ಕಿರೀಟ, ತಮಿಳಿನಲ್ಲಿ ಮುಡಿ, ಆದ್ದರಿಂದ ಮುಡಿಯಪ್ಪರ್. ಇನ್ನಾಸಪ್ಪ ಲೊಯೋಲದ ಇಗ್ನಾಸಿಯುಸರು. ಜ್ಞಾನಪ್ರಕಾಶ ಸಂತ ಅಲೋಶಿಯುಸರು. ಆರೋಗ್ಯಮ್ಮ, ಆರೋಗ್ಯಸ್ವಾಮಿ ಎಂಬವು ವೇಳಾಂಗಣಿಯ ಆರೋಗ್ಯಮಾತೆಯವು.

ಚೌರಪ್ಪನ ಕಥೆ ನನಗೆ ಬಹಳ ಇಷ್ಟ. ಫ್ರಾನ್ಸಿಸ್ ಕ್ಸೇವಿಯರರು ತಮಿಳಿನಲ್ಲಿ ಸವೇರಿಯಾರ್, ಕನ್ನಡದ ಬಾಯಲ್ಲಿ ಚೌರಪ್ಪ. ಆದರೆ ಕ್ಸೇವಿಯರ್ ಎಂಬುದು ಮೂಲದಲ್ಲಿ ವ್ಯಕ್ತಿಯ ಹೆಸರೇ ಅಲ್ಲ, ನವಾರ ಪ್ರಾಂತ್ಯದಲ್ಲಿ ಅವರ ಕುಟುಂಬದ ಕೋಟೆಮನೆಯ ಹೆಸರು. ಬಾಸ್ಕ್ ಭಾಷೆಯಲ್ಲಿ ಅದರ ಅರ್ಥ ಹೊಸಮನೆ. ಕೊಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ ಎಂಬಲ್ಲಿ ಒಕ್ಕದ ಹೆಸರು ಮೊದಲು, ಆಮೇಲೆ ವ್ಯಕ್ತಿಯದು. ಕೇರಳದಿಂದ ಬಂದ ನಮ್ಮ ಸಿರಿಯನ್ ಕುಟುಂಬಗಳೂ ಮನೆಹೆಸರನ್ನು ಹಾಗೆಯೇ ಕಾಪಾಡಿವೆ; ಅವರ ಚಾಕೋ ಯಕೋಬ, ವರ್ಗೀಸ್ ಜಾರ್ಜ್, ಔಸೇಪ್ ಜೋಸೆಫ್. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿಯಿಂದ ಅವರಲ್ಲಿ ಈ ರೂಪಗಳು ಉಳಿದುಕೊಂಡವು.

ತಮಿಳು ಹೆಸರು ಕೊಡಗಿನ ಗುಡ್ಡ ಹತ್ತಿದ್ದು ಕಾಫಿಯ ಬೆನ್ನಿಗೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ತೋಟ ಎದ್ದಿತು. ಮುಂದೆ ಮೈಸೂರು ಬಯಲಿನಿಂದಲೂ ತಮಿಳುನಾಡಿನಿಂದಲೂ ಕೂಲಿಯವರು ಸಿದ್ದಾಪುರ, ಪೊಲಿಬೆಟ್ಟ, ಸುಂಟಿಕೊಪ್ಪದ ಕಡೆಗೆ ಬಂದರು. ಆಸ್ತಿ ಇಲ್ಲದ ಈ ಜನರಿಗೆ ಮನೆತನದ ಹೆಸರೂ ಇರಲಿಲ್ಲ. ಇದ್ದದ್ದು ಜ್ಞಾನಸ್ನಾನದ ಹೆಸರು, ಅದರ ಮುಂದೆ ಅಪ್ಪನ ಹೆಸರಿನ ಒಂದು ಅಕ್ಷರ.

ಇಲ್ಲಿ ಬಂದ ಮೇಲೆ ಚಿನ್ನಪ್ಪನ ಅರ್ಥ ಮಸುಕಾಯಿತು. ಕನ್ನಡದಲ್ಲಿ ಚಿನ್ನ ಬಂಗಾರ. ಅಲ್ಲದೆ ಚಿನ್ನಪ್ಪ ಕೊಡವರ ಹೆಸರೂ ಹೌದು. 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದ ನಡಿಕೇರಿಯಂಡ ಚಿನ್ನಪ್ಪನವರನ್ನು ಕೊಡಗಿನಲ್ಲಿ ಅರಿಯದವರಿಲ್ಲ. ಕನ್ನಡ ಬೈಬಲಿನಲ್ಲಿ ಪೌಲ ಎಂದೇ ಇದೆ. ತಮಿಳು ಕಥೋಲಿಕರ ಬೈಬಲಿನಲ್ಲಿಯೂ ಈಗ ಚಿನ್ನಪ್ಪರ್ ಇಲ್ಲ, ಪವುಲ್ ಇದೆ. ಆದ್ದರಿಂದ ಮಗುವಿಗೆ ಸಂಬಂಧ ಹೊಳೆಯುವುದು ಹೇಗೆ? ಶಾಲೆಯಲ್ಲಿ ಸಹಪಾಠಿಗಳು ನಗುತ್ತಾರೆಂದು ಚೌರಮ್ಮ ಶರ್ಮಿಳಾ ಆಗುತ್ತಾಳೆ, ಇನ್ನಾಸಪ್ಪನ ಮಗ ಅಪ್ಪನ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ ಸುಮ್ಮನಾಗುತ್ತಾನೆ. ಲೈನುಮನೆಯ ಹೆಸರು ಎಂಬ ನಾಚಿಕೆ ಇದರ ಹಿಂದಿದೆ. ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ಈಗ ಉದಾರವಾಗಿದೆ. 1917ರ ಕಾನೂನು ಸಂಹಿತೆ ಜ್ಞಾನಸ್ನಾನಕ್ಕೆ ಕ್ರೈಸ್ತ ಹೆಸರನ್ನೇ ಕೇಳುತ್ತಿತ್ತು. ತಂದೆತಾಯಿ ಒಪ್ಪದಿದ್ದರೆ ಗುರುಗಳೇ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ಬರೆಯಬೇಕಿತ್ತು. 1983ರ ಸಂಹಿತೆಯ 855ನೆಯ ವಿಧಿ ಕೇಳುವುದು ಇಷ್ಟೇ: ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು. ಆದ್ದರಿಂದ ಹೊಸ ಹೆಸರಿಗೆ ನಾನು ಅಡ್ಡಿಯಲ್ಲ. ಆದರೆ ಅಜ್ಜನ ಹೆಸರು ಕ್ರೈಸ್ತವಲ್ಲವೆಂದು ಅದನ್ನು ಬಿಡುವವರು ಈ ಕಾರಣವನ್ನು ಮಾತ್ರ ನನ್ನ ಮುಂದೆ ಹೇಳಬೇಡಿ.

ಕೊನೆಗೆ ಒಂದು ವ್ಯವಹಾರದ ಮಾತು. ಮದುವೆಗೋ ಪಾಸ್‌ಪೋರ್ಟಿಗೋ ಹಿರಿಯರ ಜ್ಞಾನಸ್ನಾನದ ಪತ್ರ ಬೇಕಾದಾಗ, ದಫ್ತರದಲ್ಲಿ ಹೆಸರೇ ಇಲ್ಲವೆಂದು ಕೆಲವರು ಕಂಗಾಲಾಗುತ್ತಾರೆ. ಹಳೆಯ ದಫ್ತರಗಳು ಲತೀನಿನಲ್ಲಿವೆ. ಚಿನ್ನಪ್ಪನನ್ನು ಪೌಲುಸ್ ಎಂದು, ಅರುಳಪ್ಪನನ್ನು ಯೊವಾನ್ನೆಸ್ ಎಂದು, ಚೌರಪ್ಪನನ್ನು ಕ್ಸವೇರಿಯುಸ್ ಎಂದು ಹುಡುಕಬೇಕು. ಬರುವಾಗ ಅಜ್ಜನ ತಂದೆತಾಯಿಯ ಹೆಸರನ್ನೂ ಜ್ಞಾನ ತಂದೆತಾಯಿಯ ಹೆಸರನ್ನೂ ಮನೆಯ ಹಿರಿಯರಲ್ಲಿ ಕೇಳಿ ಬರೆದುಕೊಂಡು ಬನ್ನಿ, ಏಕೆಂದರೆ ಒಂದೇ ಪುಟದಲ್ಲಿ ಮೂರು ನಾಲ್ಕು ಪೌಲುಸ್‌ಗಳು ಇರಬಹುದು.